ಮಾರ್ಗರೇಟ್, ಮುತ್ತಮ್ಮ, ಮುತ್ಯಾಲಮ್ಮ

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ನಾಮಪದದ ಪಾಠ ನೆನಪಿರುತ್ತದೆ. ನದಿ, ಬೆಟ್ಟ, ಹುಡುಗಿ ಎಂಬುವು ರೂಢನಾಮಗಳು. ತುಂಗಭದ್ರೆ, ಹಿಮಾಲಯ, ಸೀತೆ ಎಂಬುವು ಅಂಕಿತನಾಮಗಳು. ಕುಂಟ, ಜಾಣೆ, ವ್ಯಾಪಾರಿ ಎಂಬುವು ಅರ್ಥಕ್ಕೆ ಅನುಗುಣವಾಗಿ ಬಂದ ಅನ್ವರ್ಥನಾಮಗಳು. ಪರೀಕ್ಷೆಯಲ್ಲಿ ಮೂರು ಅಂಕಗಳಿಗೆ ಬರೆದು ನಾವು ಇದನ್ನು ಅಲ್ಲಿಗೇ ಬಿಟ್ಟೆವು. ಆದರೆ ಮನೆಯಲ್ಲಿ ಕೂಸು ಹುಟ್ಟಿ, ತೊಟ್ಟಿಲ ಕಾರ್ಯದ ದಿನ ಗೊತ್ತಾಗಿ, ಹೆಸರೇನಿಡೋಣ ಎಂಬ ಮಾತು ಎದ್ದಾಗ ಆ ಹಳೆಯ ಪಾಠ ಬೇರೆಯೇ ರೂಪದಲ್ಲಿ ಎದುರು ನಿಲ್ಲುತ್ತದೆ. ಅಂಕಿತನಾಮಕ್ಕೆ ಅರ್ಥ ಇರಲೇಬೇಕೆ? ಇದ್ದರೆ, ಹೊತ್ತವಳು ಆ ಅರ್ಥಕ್ಕೆ ತಕ್ಕಂತೆ ಬಾಳಿ ಅದನ್ನು ಅನ್ವರ್ಥವಾಗಿಸಬೇಕೆ? ಆ ಅರ್ಥದ ಹೊಣೆ ಯಾರದು? ಇಟ್ಟವರದೋ, ಹೊತ್ತವಳದೋ, ದಿನವೂ ಕರೆಯುವವರದೋ?

ನಮ್ಮ ಆದವಾನಿ ಸೀಮೆ ಈ ಪ್ರಶ್ನೆಯನ್ನು ಕೇಳುವುದಕ್ಕೆ ತಕ್ಕ ನೆಲ. ಇಲ್ಲಿಯ ಹೆಸರುಗಳು ಒಂದೇ ಬೇರಿನಿಂದ ಚಿಗುರಿದವಲ್ಲ. ಉರುಕುಂದದ ಈರಣ್ಣನಿಗೆ ಹರಕೆ ಹೊತ್ತು ಪಡೆದ ಕೂಸು ಗಂಡಾದರೆ ಉರುಕುಂದಪ್ಪ, ಹೆಣ್ಣಾದರೆ ಉರುಕುಂದಮ್ಮ. ಮಂತ್ರಾಲಯದ ಗ್ರಾಮದೇವತೆಯ ಹೆಸರನ್ನು ಹೊತ್ತ ಮಂಚಾಲಮ್ಮಂದಿರು ಇದ್ದಾರೆ. ದರ್ಗಾಗಳಿಗೆ ನಡೆದುಕೊಳ್ಳುವ ಹಿಂದೂ ಮನೆತನಗಳಲ್ಲಿ ಹುಸೇನಪ್ಪ, ಹುಸೇನಮ್ಮ ಎಂಬ ಹೆಸರುಗಳಿವೆ. ಅವು ಅರಬ್ಬಿಯವೆಂದು ಯಾರೂ ಎತ್ತಿ ಆಡುವುದಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಜವರಾಯನ ಕಣ್ಣು ತಪ್ಪಿಸಲೆಂದು ಕೂಸಿಗೆ ತಿಪ್ಪೆಯ ಹೆಸರನ್ನೇ ಇಟ್ಟು ತಿಪ್ಪಮ್ಮ, ತಿಪ್ಪಣ್ಣ ಎಂದು ಕರೆದರು. ಊರಿನ ಹೆಸರಿನದೂ ಇದೇ ಕಥೆ. ಯಾದವಗಿರಿ ಎಂದು ಪಂಡಿತರು ಬರೆದರು, ಮೊಗಲರು ಇಮ್ತಿಯಾಜಗಡ ಎಂದು ನಾಣ್ಯದ ಮೇಲೆಯೇ ಒತ್ತಿಸಿದರು. ಹತ್ತಿ ಮಾರಲು ಬಂದ ರೈತ ಮಾತ್ರ ಆದವಾನಿ ಎಂದ, ಆದೋನಿ ಎಂದ. ಉಳಿದದ್ದು ಅವನ ಬಾಯಿಯ ಮಾತು.

ಸುಮಾರು ಎರಡು ಶತಮಾನಗಳಿಂದ ಈ ಹೆಸರುಗಳ ನಡುವೆ ಇನ್ನೊಂದು ಗುಂಪೂ ಸೇರಿಕೊಂಡಿದೆ. ಲಂಡನ್ ಮಿಶನ್ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಆಗ ಆದವಾನಿಯೂ ಬಳ್ಳಾರಿ ಸೀಮೆಯೊಳಗೇ ಇತ್ತು; 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗಿ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರುವವರೆಗೂ ನಾವು ಬಳ್ಳಾರಿ ಜಿಲ್ಲೆಯವರೇ. ಮಿಶನ್ನಿನ ಶಾಲೆ, ಪ್ರಾರ್ಥನಾಮಂದಿರಗಳ ಜೊತೆಯಲ್ಲಿ ಲಿದಿಯ, ಕ್ಯಾಥರೀನ್, ಮಾರ್ಗರೇಟ್ ಮುಂತಾದ ಗ್ರೀಕ್ ಮೂಲದ ಹೆಣ್ಣುಹೆಸರುಗಳು ಈ ಕಪ್ಪು ನೆಲಕ್ಕೆ ಬಂದವು. ಇವುಗಳಲ್ಲಿ ಮಾರ್ಗರೇಟ್ ಎಂಬ ಒಂದನ್ನು ಮಾತ್ರ ಎತ್ತಿಕೊಂಡು ನಾವು ಇಲ್ಲಿ ನೋಡಬಯಸುತ್ತೇವೆ. ಈ ಒಂದು ಹೆಸರಿನ ದಾರಿ ಹಿಡಿದು ಹೊರಟರೆ ಅದು ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಗ್ರೀಕ್ ಭಾಷೆಯಲ್ಲಿ 'ಮಾರ್ಗರೀಟೇಸ್' ಎಂದರೆ ಮುತ್ತು. ಲ್ಯಾಟಿನ್ನಿನಲ್ಲಿ ಅದು ಮಾರ್ಗರೀಟಾ ಆಯಿತು, ಫ್ರೆಂಚರ ಬಾಯಲ್ಲಿ ಮಾರ್ಗರೀತ್, ಇಂಗ್ಲಿಷರ ಬಾಯಲ್ಲಿ ಮಾರ್ಗರೇಟ್. ಅದರ ತುಂಡುಗಳೇ ಮೆಗ್, ಗ್ರೇಟಾ, ರೀಟಾ. ಈ ಕೊನೆಯದು ನಮ್ಮ ಓಣಿಗಳಲ್ಲಿಯೂ ಉಂಟು. ಕ್ರೈಸ್ತರಲ್ಲದ ಎಷ್ಟೋ ಮನೆಗಳಲ್ಲಿ ರೀಟಾ ಎಂಬ ಹೆಣ್ಣುಮಕ್ಕಳಿದ್ದಾರೆ. ಕೆಲವರು ಅದನ್ನು ಸಂಸ್ಕೃತದ 'ಋತ'ಕ್ಕೆ ಜೋಡಿಸಿ ಸಮಾಧಾನ ಪಟ್ಟುಕೊಳ್ಳುವುದೂ ಉಂಟು. ಇಟಲಿಯ ಕಾಶಿಯಾದ ಸಂತೆ ರೀಟಾಳ ಹುಟ್ಟುಹೆಸರು ಮಾರ್ಗರೀಟಾ ಎಂದು ತಿಳಿದರೆ ಆ ಸಮಾಧಾನ ಕೆಡಬಹುದು. ಕೆಡಬೇಕಾದ ಕಾರಣವಿಲ್ಲವೆಂಬುದನ್ನು ಮುಂದೆ ಹೇಳುತ್ತೇವೆ.

ಗ್ರೀಕರಿಗೆ ಈ ಪದ ಎಲ್ಲಿಂದ ಬಂತು? ಕ್ರಿಸ್ತಶಕ ಎರಡನೆಯ ಶತಮಾನದ ಆರಿಯನ್ ಎಂಬ ಗ್ರೀಕ್ ಲೇಖಕ ತನ್ನ 'ಇಂಡಿಕಾ' ಗ್ರಂಥದಲ್ಲಿ, ಮೆಗಸ್ತನೀಸನು ಕೇಳಿ ಬರೆದಿಟ್ಟಿದ್ದ ಒಂದು ಕಥೆಯನ್ನು ಹೇಳುತ್ತಾನೆ. ಭಾರತದಲ್ಲಿ ಅಲೆದಾಡುತ್ತಿದ್ದ ಹೆರಾಕ್ಲೀಸನಿಗೆ ಸಮುದ್ರದಲ್ಲಿ ಹೊಸದೊಂದು ಹೆಣ್ಣಿನ ಒಡವೆ ಕಂಡಿತಂತೆ. ತನ್ನ ಮಗಳು ಪಾಂಡೈಯಾಳನ್ನು ಸಿಂಗರಿಸಲು ಅದನ್ನು ಎಲ್ಲ ಕಡಲುಗಳಿಂದ ತರಿಸಿದನಂತೆ. ಆ ಒಡವೆಯೇ ಮುತ್ತು. ಅದನ್ನು ಹೇಳುವಾಗ ಆರಿಯನ್ ಈ 'ಮಾರ್ಗರೀಟೇಸ್' ಎಂಬುದು ಭಾರತೀಯರ ಭಾಷೆಯ ಹೆಸರೆಂದೇ ಹೇಳಿಬಿಡುತ್ತಾನೆ. ಪದವು ಇರಾನಿನ ಭಾಷೆಗಳ ಮೂಲಕ ಗ್ರೀಸಿಗೆ ಹೋಗಿರಬೇಕೆಂದು ಇಂದಿನ ಭಾಷಾವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಪಾರಸಿಯಲ್ಲಿ ಮುತ್ತಿಗೆ ಇಂದಿಗೂ ಮರ್ವಾರೀದ್ ಎನ್ನುತ್ತಾರೆ. ಸಂಸ್ಕೃತದ 'ಮಂಜರಿ'ಯೊಡನೆ ನಂಟು ಕಲ್ಪಿಸಿದವರೂ ಇದ್ದಾರೆ. ಅಲ್ಲಿಗೆ ಸ್ವಾರಸ್ಯದ ಸಂಗತಿ ಇಷ್ಟು: ನಾವು ಯಾವುದನ್ನು ಗ್ರೀಕ್ ಹೆಸರು ಎನ್ನುತ್ತೇವೆಯೋ ಅದನ್ನು ಗ್ರೀಕನೊಬ್ಬ ನಮ್ಮ ಹೆಸರು ಎಂದ. ನಮ್ಮ 'ಮುತ್ತು' ಮಾತ್ರ ದ್ರಾವಿಡ ಭಾಷೆಗಳ ಸ್ವಂತ ಸೊತ್ತು. ಸಂಸ್ಕೃತದ 'ಮುಕ್ತಾ' ಕೂಡ ದ್ರಾವಿಡದ ಮುತ್ತಿಗೆ ತೊಡಿಸಿದ ಸಂಸ್ಕೃತದ ಉಡುಗೆಯೆಂಬ ಮತವೊಂದಿದೆ. ಮುತ್ತು ಕಡಲಿನದು, ಕಡಲಿಗೆ ಬೇಲಿ ಹಾಕಿದವರಿಲ್ಲ. ಅದರ ಹೆಸರಿಗೂ ಹಾಗೆಯೇ ಆಗಿದೆ.

ಬೈಬಲಿನಲ್ಲಿ ಮಾರ್ಗರೇಟ್ ಎಂಬ ಹೆಂಗಸು ಇಲ್ಲ. ಹೆಸರು ಹಬ್ಬಿದ್ದು ಅಂತಿಯೋಕ್ಯದ ಸಂತೆ ಮಾರ್ಗರೇಟಳ ಐತಿಹ್ಯದಿಂದ. ಘಟಸರ್ಪವೊಂದು ನುಂಗಿದರೂ ಅದರ ಒಡಲಿನಿಂದ ಸುರಕ್ಷಿತವಾಗಿ ಹೊರಬಂದಳೆಂಬ ಕಥೆಯಿಂದಾಗಿ ಆಕೆ ಯುರೋಪಿನ ಬಸುರಿಯರು ಹೆರಿಗೆಯ ಹೊತ್ತಿನಲ್ಲಿ ನೆನೆಯುವ ಸಂತೆಯಾದಳು. ವ್ಯಕ್ತಿಯ ಹೆಸರಾಗಿ ಇಲ್ಲದಿದ್ದರೂ ಆ ಪದ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಉಂಟು. ಮತ್ತಾಯನ ಸುವಾರ್ತೆಯಲ್ಲಿ ವ್ಯಾಪಾರಿಯೊಬ್ಬನ ದೃಷ್ಟಾಂತವಿದೆ: ಒಳ್ಳೆಯ ಮುತ್ತುಗಳನ್ನು ಹುಡುಕುತ್ತಿದ್ದವನು ಬಹು ಬೆಲೆಯ ಒಂದೇ ಒಂದು ಮುತ್ತನ್ನು ಕಂಡು, ತನ್ನಲ್ಲಿದ್ದುದೆಲ್ಲವನ್ನೂ ಮಾರಿ ಅದನ್ನು ಕೊಂಡನು. ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಬಳ್ಳಾರಿಯಲ್ಲಿ ಬೈಬಲನ್ನು ಕನ್ನಡಕ್ಕೆ ತಂದಾಗ ಇಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮಾರ್ಗರೀಟೇಸ್ ಎಂಬುದು ಮುತ್ತು ಆಯಿತು. ಆದರೆ ಅದೇ ಪ್ರಾರ್ಥನಾಮಂದಿರದಲ್ಲಿ ದೀಕ್ಷಾಸ್ನಾನ ಪಡೆದ ಹೆಣ್ಣುಕೂಸು ಮಾರ್ಗರೇಟ್ ಆದಳು; ಅವಳನ್ನು ಮುತ್ತಮ್ಮ ಎಂದು ಯಾರೂ ಅನುವಾದಿಸಲಿಲ್ಲ. ಪದವನ್ನು ಕನ್ನಡಿಸಿದವರು ಹೆಸರನ್ನು ಏಕೆ ಕನ್ನಡಿಸಲಿಲ್ಲ?

ಪದವು ಅರ್ಥಕ್ಕಾಗಿ ಇದೆ, ಹೆಸರು ಆಳಿಗಾಗಿ ಇದೆ ಎಂಬುದು ಒಡನೆ ಹೊಳೆಯುವ ಉತ್ತರ. ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟವಾದ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಇದನ್ನೇ ವಾದಿಸಿದನು. ಡಾರ್ಟ್ ಎಂಬ ನದಿಯ ಮುಖದಲ್ಲಿರುವುದರಿಂದ ಆ ಊರಿಗೆ ಡಾರ್ಟ್‌ಮತ್ ಎಂಬ ಹೆಸರು ಬಂದಿರಬಹುದು; ನಾಳೆ ನದಿ ತನ್ನ ಪಾತ್ರವನ್ನು ಬದಲಿಸಿದರೂ ಊರಿನ ಹೆಸರೇನೂ ಸುಳ್ಳಾಗದು. ಅಂಕಿತನಾಮ ಬೆರಳು ಮಾಡಿ ತೋರಿಸುತ್ತದೆ, ಬಣ್ಣಿಸುವುದಿಲ್ಲ. ನಮ್ಮ ಶಾಸ್ತ್ರಕಾರರೂ ಪದದ ಬಿಡಿಬಿಡಿ ಅರ್ಥವನ್ನು ರೂಢಿಯು ಅಪಹರಿಸುತ್ತದೆ ಎಂದು ಹೇಳಿದ್ದಾರೆ. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಲ್ಲ, ತಾವರೆ ಮಾತ್ರ ಪಂಕಜ. ತೆಲುಗು ಹಳ್ಳಿಗಳ ಮುತ್ಯಾಲಮ್ಮ ಇದಕ್ಕೆ ಹತ್ತಿರದ ಸಾಕ್ಷಿ. ದಕ್ಷಿಣದ ಹಲವೆಡೆ ಸಿಡುಬಿನ ಗುಳ್ಳೆಗಳನ್ನೇ ಅಮ್ಮನ ಮುತ್ತುಗಳೆಂದು ಅಂಜಿಕೆಯಿಂದ ಕರೆಯುತ್ತಿದ್ದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಸಾರಿತು. ನದಿ ಪಾತ್ರ ಬದಲಿಸಿತು. ಮುತ್ಯಾಲಮ್ಮ ಎಂಬ ಹೆಸರು ಮಾತ್ರ ಗುಡಿಯಲ್ಲಿಯೂ ಇದೆ, ಪಡಿತರ ಚೀಟಿಯಲ್ಲಿಯೂ ಇದೆ.

ಆದರೆ ಮಿಲ್ಲನ ಮಾತನ್ನು ಪೂರ್ತಿಯಾಗಿ ಒಪ್ಪಲು ನಮಗೆ ಮನಸ್ಸಾಗದು. ಮಹಾರಾಷ್ಟ್ರದಲ್ಲಿ ಗಂಡುಮಗುವನ್ನು ಬಯಸಿ ಹೆಣ್ಣು ಹುಟ್ಟಿದ ಮನೆಗಳಲ್ಲಿ ಕೂಸಿಗೆ 'ನಕೂಸಾ', ಅಂದರೆ 'ಬೇಡವಾದವಳು' ಎಂದು ಹೆಸರಿಡುವ ಪದ್ಧತಿಯಿತ್ತು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ 285 ಹೆಣ್ಣುಮಕ್ಕಳಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರುಗಳನ್ನಿಟ್ಟರು. ಹೆಸರು ಬರಿಯ ಬೆರಳಾಗಿದ್ದರೆ ಆ ಮಕ್ಕಳಿಗೆ ಹೊಸ ಹೆಸರಿನ ಅಗತ್ಯವೇ ಇರಲಿಲ್ಲ. ಮನೆಯ ಮಾತಿನಲ್ಲಿ ಇಟ್ಟ ಹೆಸರಿನ ಅರ್ಥ ಸಾಯುವುದಿಲ್ಲ, ಮಲಗಿರುತ್ತದೆ; ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗ ನಕ್ಕರೆ ಎದ್ದು ಕೂರುತ್ತದೆ. ತಿಪ್ಪಮ್ಮನ ಹೆಸರಿನಲ್ಲಿ ತಿಪ್ಪೆಯಿದ್ದರೂ ಅದು ಬಯ್ಗುಳವಲ್ಲ, ಕೂಸು ಉಳಿಯಲಿ ಎಂಬ ತಾಯಿಯ ಹಂಬಲ. ನಕೂಸಾಳ ಹೆಸರಿನಲ್ಲಿ ಅಂಥ ಹಂಬಲವಿಲ್ಲ. ನಿಘಂಟು ತೆರೆದರೆ ಎರಡೂ ಕೀಳು ಹೆಸರುಗಳೇ. ಇಟ್ಟವರ ಎದೆ ಮಾತ್ರ ಬೇರೆ ಬೇರೆ.

ಮಾರ್ಗರೇಟ್ ಎಂಬ ಹೆಸರಿನಲ್ಲಿ ಮುತ್ತು ನಮ್ಮ ಸೀಮೆಯಲ್ಲಿ ಗಾಢವಾಗಿ ನಿದ್ರಿಸುತ್ತದೆ. ಹೊತ್ತವಳಿಗೆ ಗೊತ್ತಿಲ್ಲ, ಕರೆಯುವವರಿಗೆ ಗೊತ್ತಿಲ್ಲ. ಇದು ಕೊರತೆಯೆಂದು ಕೆಲವರು ಹೇಳಿಯಾರು. ನಮಗೇನೋ ಅದರಲ್ಲಿ ಒಂದು ಬಿಡುಗಡೆಯೂ ಕಾಣುತ್ತದೆ. ಶಾಂತಮ್ಮ ಒಮ್ಮೆ ಸಿಟ್ಟಾದರೆ ಹೆಸರಿಗೆ ತಕ್ಕಂತಿಲ್ಲ ಎನ್ನುತ್ತಾರೆ, ಭಾಗ್ಯಮ್ಮ ವಿಧವೆಯಾದರೆ ಹೆಸರನ್ನು ಹಿಡಿದು ಮರುಗುತ್ತಾರೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯ ಚುಚ್ಚು ಮಾರ್ಗರೇಟಳಿಗೆ ತಾಗದು.

ಹೆಸರಿನ ಹೊಣೆಯ ವಿಚಾರವನ್ನು ಮುಂದಕ್ಕೆ ಒಯ್ಯಲು, ಐರ್ಲೆಂಡಿನಿಂದ ನಮ್ಮ ದೇಶಕ್ಕೆ ಬಂದ ಇಬ್ಬರು ಮಾರ್ಗರೇಟರನ್ನು ಒಟ್ಟಿಗೆ ನೆನೆಯಬೇಕು. ಮಾರ್ಗರೇಟ್ ಎಲಿಜಬೆತ್ ನೋಬಲ್ ಹುಟ್ಟಿದ್ದು 1867ರಲ್ಲಿ. 1898ರ ಜನವರಿಯಲ್ಲಿ ಕಲಕತ್ತೆಗೆ ಬಂದರು. ಅದೇ ವರ್ಷ ಮಾರ್ಚ್ 25ರಂದು ಸ್ವಾಮಿ ವಿವೇಕಾನಂದರು ಬ್ರಹ್ಮಚರ್ಯದ ದೀಕ್ಷೆಯಿತ್ತು 'ನಿವೇದಿತಾ' ಎಂದು ಹೆಸರಿಟ್ಟರು. ಅರ್ಪಿತಳಾದವಳು ಎಂದು ಅದರ ಅರ್ಥ. ಮುತ್ತು ನೈವೇದ್ಯವಾಯಿತು. ಕಲಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿ, ಪ್ಲೇಗಿನ ಕಾಲದಲ್ಲಿ ಬೀದಿ ಗುಡಿಸಿ, 1911ರಲ್ಲಿ ತೀರಿಕೊಳ್ಳುವವರೆಗೂ ಆಕೆ ಆ ಹೆಸರನ್ನು ಅನ್ವರ್ಥವಾಗಿಸಿದರೆಂದು ನಾವೆಲ್ಲ ಹೇಳುತ್ತೇವೆ. ಇನ್ನೊಬ್ಬರು ಮಾರ್ಗರೇಟ್ ಕಸಿನ್ಸ್. ಹುಟ್ಟಿದ್ದು 1878ರಲ್ಲಿ, ಭಾರತಕ್ಕೆ ಬಂದದ್ದು 1915ರಲ್ಲಿ. ನಮ್ಮ ರಾಯಲಸೀಮೆಯದೇ ಆದ ಮದನಪಲ್ಲಿಯಲ್ಲಿ, ಪತಿ ಪ್ರಾಂಶುಪಾಲರಾಗಿದ್ದ ಥಿಯಾಸಫಿಕಲ್ ಕಾಲೇಜಿನಲ್ಲಿ 1919ರಲ್ಲಿ ರವೀಂದ್ರನಾಥ ಠಾಕೂರರು ತಂಗಿದ್ದಾಗ, 'ಜನಗಣಮನ'ದ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದುಕೊಂಡವರು ಈಕೆ. 1917ರ ಭಾರತೀಯ ಮಹಿಳಾ ಸಂಘ, 1927ರ ಅಖಿಲ ಭಾರತ ಮಹಿಳಾ ಸಮ್ಮೇಳನ, ಎರಡರ ಹುಟ್ಟಿನಲ್ಲಿಯೂ ಈಕೆಯ ಕೈಯಿದೆ. ಸೆರೆಮನೆಯನ್ನೂ ಕಂಡರು. 1954ರಲ್ಲಿ ಮದರಾಸಿನ ಅಡಯಾರಿನಲ್ಲಿ ಕಣ್ಣು ಮುಚ್ಚುವಾಗಲೂ ಆಕೆ ಮಾರ್ಗರೇಟರೇ ಆಗಿದ್ದರು.

ಒಬ್ಬರು ಹೆಸರು ಬದಲಿಸಿ ನಮ್ಮವರಾದರು, ಇನ್ನೊಬ್ಬರು ಬದಲಿಸದೆ ನಮ್ಮವರಾದರು. ಯಾರು ಹೆಚ್ಚು ನಮ್ಮವರು ಎಂದು ತೂಗುವುದು ಅಲ್ಪತನ. ನಮ್ಮ ಗಮನ ಸೆಳೆಯುವುದು ಬೇರೊಂದು ಅಂಶ. ನಿವೇದಿತಾ ಎಂಬ ಹೆಸರನ್ನು ಸ್ವೀಕರಿಸಿದಾಗ ಆಕೆಗೆ ವಯಸ್ಸು 30. ಓದಿದವರು, ಶಾಲೆ ನಡೆಸಿ ಅನುಭವವಿದ್ದವರು, ಗುರುವಿನೊಡನೆ ವಾದ ಹೂಡಿದವರು. ಅರ್ಪಣೆಯ ಹೆಸರನ್ನು ತಿಳಿದು, ಒಪ್ಪಿ, ಹೊತ್ತುಕೊಂಡರು. ಬೇಡವೆನ್ನುವ ಶಕ್ತಿಯಿದ್ದವಳು ಬೇಕೆಂದದ್ದರಿಂದ ಅದು ಅರ್ಪಣೆಯಾಯಿತು.

ಇದನ್ನು ಹೇಳುವಾಗ ನಮ್ಮ ಸೀಮೆಯ ಇನ್ನೊಂದು ಅರ್ಪಣೆಯ ಮಾತನ್ನು ನುಂಗಿಕೊಳ್ಳಲಾಗದು. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಇದೇಕೆ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಆದರೂ, ಮುತ್ತೆಂಬ ಹೆಸರಿನ ವಿಚಾರವೆತ್ತಿ ಇದನ್ನು ಬಿಟ್ಟರೆ ವಿಚಾರವೇ ಪೊಳ್ಳಾಗುತ್ತದೆ. ತುಂಗಭದ್ರೆಯ ಎರಡೂ ದಡಗಳಲ್ಲಿ 'ಮುತ್ತು ಕಟ್ಟುವುದು' ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹುಲಿಗೆಮ್ಮನ ಹೆಸರಿನಲ್ಲಿ, ಎಲ್ಲಮ್ಮನ ಹೆಸರಿನಲ್ಲಿ, ಬಡವರ ಮನೆಯ, ಅದರಲ್ಲಿಯೂ ದಲಿತರ ಮನೆಯ ಹೆಣ್ಣುಮಗಳ ಕೊರಳಿಗೆ ಕೆಂಪು ಬಿಳಿ ಮಣಿಗಳ ಸರ ಬೀಳುತ್ತಿತ್ತು. ಅಲ್ಲಿಂದ ಮುಂದೆ ಅವಳಿಗೆ ಮದುವೆಯಿಲ್ಲ, ಊರಿಗೆಲ್ಲ ಅವಳ ಮೇಲೆ ಕಣ್ಣು. ಎಲ್ಲಿಯೋ ಜೋಗತಿ, ಎಲ್ಲಿಯೋ ದೇವದಾಸಿ, ನಮ್ಮ ಕಡೆ ಬಸವಿ. ಬಳ್ಳಾರಿ ಸೀಮೆಯ ಬಸವಿಯರ ಕುರಿತು ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಪ್ರಬಂಧ ಬರೆದಿದ್ದಾನೆ. ಮದರಾಸು ಸರ್ಕಾರ 1947ರಲ್ಲಿ, ಕರ್ನಾಟಕ 1982ರಲ್ಲಿ, ಆಂಧ್ರಪ್ರದೇಶ 1988ರಲ್ಲಿ ಇದನ್ನು ನಿಷೇಧಿಸುವ ಕಾನೂನುಗಳನ್ನು ಮಾಡಿದವು. ಒಂದೇ ಪಿಡುಗಿಗೆ ಮೂರು ಕಾನೂನು ಬೇಕಾಯಿತೆಂಬುದೇ ಅದರ ಬೇರು ಎಷ್ಟು ಆಳವೆಂದು ಹೇಳುತ್ತದೆ.

ಇಲ್ಲಿಯೂ ಮುತ್ತು, ಅಲ್ಲಿಯೂ ಮುತ್ತು. ಇಲ್ಲಿಯೂ ಅರ್ಪಣೆ, ಅಲ್ಲಿಯೂ ಅರ್ಪಣೆ. ಪದಕ್ಕೆ ಅರ್ಥವೇ ಮುಖ್ಯವಾಗಿದ್ದರೆ ಎರಡನ್ನೂ ಒಂದೇ ಪೀಠದ ಮೇಲೆ ಕೂರಿಸಬೇಕಾಗುತ್ತಿತ್ತು. ನಡುವೆ ಇರುವ ವ್ಯತ್ಯಾಸ ಒಪ್ಪಿಗೆಯದು. ಋತುಮತಿಯಾಗುವ ಮುಂಚೆಯೇ ಮುತ್ತು ಕಟ್ಟಿಸಿಕೊಂಡ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಮಣಿಸರಕ್ಕೆ ಮುತ್ತೆಂದು ಹೆಸರು ಕೊಟ್ಟದ್ದರಿಂದ, ಕಟ್ಟಿದವರು ತಾವೇನೋ ಒಡವೆ ತೊಡಿಸಿದೆವು ಎಂದು ನಂಬಿಕೊಳ್ಳಲು ಅನುಕೂಲವಾಯಿತು. ಒಳ್ಳೆಯ ಅರ್ಥದ ಪದ ಕೆಟ್ಟ ಕೆಲಸಕ್ಕೆ ಹೊದಿಕೆಯಾಗಬಲ್ಲದು, ತಿಪ್ಪೆಯಂಥ ಪದ ಒಲವಿನ ಕಾವಲಾಗಬಲ್ಲದು. ಆದುದರಿಂದ ನಾವು ತಳೆದಿರುವ ಅಭಿಪ್ರಾಯ ಇದು: ಹೆಸರಿನ ಅರ್ಥ ಹೊತ್ತವಳ ಮೇಲಿನ ಸಾಲವಲ್ಲ, ಇಟ್ಟವರ ಮೇಲಿನ ಸಾಲ. ಮಗಳಿಗೆ ಮುತ್ತು ಎಂದು ಹೆಸರಿಟ್ಟ ತಂದೆತಾಯಿಗಳು ಅವಳನ್ನು ಮುತ್ತಿನಂತೆ ಕಾಪಾಡುತ್ತೇವೆಂದು ಬರೆದುಕೊಟ್ಟಂತೆ. ಅವಳು ಹೊಳೆಯಬೇಕೆಂಬ ಕರಾರು ಅದರಲ್ಲಿ ಇಲ್ಲ. ಹೊಳೆಯದಿದ್ದರೆ, ಕಪ್ಪಗಿದ್ದರೆ, ಸಿಟ್ಟಿನವಳಾದರೆ, ಓದಿನಲ್ಲಿ ಹಿಂದೆ ಬಿದ್ದರೆ, ಹೆಸರನ್ನು ತೋರಿಸಿ ಹಂಗಿಸುವ ಹಕ್ಕು ಯಾರಿಗೂ ಇಲ್ಲ. ರೀಟಾ ಎಂದು ಕರೆದ ತಾಯಿಗೆ ಆ ಹೆಸರಿನ ಮೂಲ ಋತವೋ ಮಾರ್ಗರೀಟಾಳೋ ಎಂದು ತಿಳಿಯದಿದ್ದರೂ ಏನೂ ಕೊರತೆಯಾಗದು ಎಂದು ನಾವು ಮೇಲೆ ಸೂಚಿಸಿದ್ದು ಇದೇ ಕಾರಣದಿಂದ. ಸಾಲ ತೀರುವುದು ಸಾಕುವುದರಲ್ಲಿ.

ಇಟ್ಟವರ ಸಾಲ ಸರಿ. ಬರೆಯುವವರ ಸಾಲವೂ ಒಂದಿದೆ. ಗಡಿಯಲ್ಲಿರುವ ನಮಗೆ ಅದು ದಿನನಿತ್ಯದ ಅನುಭವ. ಕನ್ನಡದ ಮುತ್ತು ತೆಲುಗಿನಲ್ಲಿ ಮುತ್ಯ. ಮನೆಯಲ್ಲಿ ಮುತ್ತಮ್ಮನಾಗಿದ್ದವಳು ಕಚೇರಿಯ ಕಡತದಲ್ಲಿ ಮುತ್ಯಮ್ಮ ಅಥವಾ ಮುತ್ಯಾಲಮ್ಮ ಆಗಿಬಿಡಬಲ್ಲಳು. ಅರ್ಥದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಪಿಂಚಣಿಯ ಕಾಗದದಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಇನ್ನೊಂದು, ಹೊಲದ ಪಹಣಿಯಲ್ಲಿ ಮತ್ತೊಂದು ಎಂದಾದರೆ ಮುದುಕಿ ಮೂರು ಕಚೇರಿಗಳ ಮೆಟ್ಟಿಲು ಹತ್ತಬೇಕು. ಇಲ್ಲಿ ಮಿಲ್ ಗೆಲ್ಲುತ್ತಾನೆ: ಅರ್ಥ ಒಂದೇ ಆದರೂ ಹೆಸರು ಒಂದಲ್ಲ. ತೆಲುಗಿನ ಗುಮಾಸ್ತನಿಗೆ ದುರುದ್ದೇಶವಿರಬೇಕೆಂದೇನಿಲ್ಲ. ಅವನ ಕಿವಿಗೆ ಮುತ್ತಮ್ಮ ಎಂಬುದು ಅರೆಬರೆಯಾಗಿ ಕೇಳಿ, ತಿದ್ದಿ ಬರೆಯುವುದೇ ಉಪಕಾರವೆಂದು ಅನಿಸಿರಬಹುದು. ಎರಡೂ ಭಾಷೆಗಳ ಲಿಪಿಗಳು ಅಕ್ಕತಂಗಿಯರಂತಿವೆ. ಮುತ್ತಮ್ಮ ಎಂಬುದನ್ನು ತೆಲುಗು ಅಕ್ಷರದಲ್ಲಿ ಹಾಗೆಯೇ ಬರೆಯಲು ಏನೂ ಅಡ್ಡಿಯಿಲ್ಲ.

ಮಾರ್ಗರೇಟಳ ಪಾಡು ಇದಕ್ಕಿಂತ ಕಠಿಣ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಗೆ ಸೇರಿದವರೆಂದು ಎಣಿಕೆಯಾಗುವುದಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಕ್ರೈಸ್ತ ದಲಿತರಿಗೆ ತೆರೆಯಲಿಲ್ಲ. ಆಂಧ್ರಪ್ರದೇಶದಲ್ಲಿ ಅವರು ಹಿಂದುಳಿದ ವರ್ಗಗಳ 'ಸಿ' ಗುಂಪಿಗೆ ಬರುತ್ತಾರೆ, ಆ ಗುಂಪಿನ ಪಾಲು ನೂರಕ್ಕೆ 1. ಹೀಗಿರುವಾಗ ಪ್ರಾರ್ಥನೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಎಂಬ ಏರ್ಪಾಡು ಆಂಧ್ರದಲ್ಲಿಯೂ ಕರ್ನಾಟಕದಲ್ಲಿಯೂ ಎಷ್ಟೋ ಮನೆಗಳಲ್ಲಿ ಉಂಟು. ಭಾನುವಾರ ಮಾರ್ಗರೇಟ್, ಸೋಮವಾರ ಬೇರೊಬ್ಬಳು. ಇದು ಮೋಸವೆಂದು ಸುಲಭವಾಗಿ ಹೇಳುವವರಿದ್ದಾರೆ. ಜಾತಿಯಾದರೋ ಮತ ಬದಲಿಸಿದೊಡನೆ ಅಳಿಸಿಹೋಗುವಂಥದಲ್ಲ. ಬಾವಿಯ ಕಟ್ಟೆಯ ಬಳಿ, ಚಹದ ಅಂಗಡಿಯ ಮುಂದೆ, ಮಾರ್ಗರೇಟ್ ಎಂಬ ಹೆಸರು ಅವಳನ್ನು ಕಾಪಾಡಲಿಲ್ಲ. ಕಾನೂನು ಹೇಗಿರಬೇಕೆಂಬುದು ನ್ಯಾಯಾಲಯಗಳು, ಶಾಸನಸಭೆಗಳು ತೀರ್ಮಾನಿಸಬೇಕಾದ ಮಾತು; ಅದನ್ನು ಇಲ್ಲಿ ಬಗೆಹರಿಸುವುದು ನಮ್ಮಿಂದಾಗದು. ಹುಡುಗಿಯ ಎರಡು ಹೆಸರುಗಳಲ್ಲಿ ಸುಳ್ಳು ಯಾವುದೆಂದು ಅವಳನ್ನು ಕಟಕಟೆಗೆ ಏರಿಸುವುದಂತೂ ನ್ಯಾಯವಲ್ಲ. ಮತ್ತಾಯನ ವ್ಯಾಪಾರಿ ಒಂದು ಮುತ್ತಿಗಾಗಿ ತನ್ನದೆಲ್ಲವನ್ನೂ ಮಾರಿದನು. ಅವನಿಗೆ ಮಾರಲು ಏನಾದರೂ ಇತ್ತು.

ಕನ್ನಡಾಭಿಮಾನಿಗಳ ಒಂದು ಆಕ್ಷೇಪಕ್ಕೂ ಇಲ್ಲಿ ಮರುಮಾತು ಹೇಳಬೇಕು. ಗಡಿಯಲ್ಲಿ ಭಾಷೆ ಉಳಿಯಬೇಕಾದರೆ ಮಕ್ಕಳಿಗೆ ಕನ್ನಡದ ಹೆಸರೇ ಇಡಬೇಕು, ಗ್ರೀಕಿನದೂ ಬೇಡ, ಸಿನಿಮಾದ್ದೂ ಬ್ಯಾಡ ಎಂದು ವಾದಿಸುವವರ ಕಾಳಜಿ ನಮಗೆ ಅರ್ಥವಾಗುತ್ತದೆ. ಮುತ್ತು, ಹೊನ್ನು, ಹೂವು, ನೀಲ ಎಂಬ ಹೆಸರುಗಳು ನಮ್ಮ ತೊಟ್ಟಿಲುಗಳಿಗೆ ಮರಳಿದರೆ ನಮಗೂ ಸಂತೋಷವೇ. ಈಚೆಗೆ ಪುಸ್ತಕ ತಿರುವಿ, ಮೊಬೈಲು ಒತ್ತಿ, ಓಣಿಯಲ್ಲಿ ಯಾರಿಗೂ ಇಲ್ಲದ ಹೆಸರೇ ಬೇಕೆಂದು ಹುಡುಕುವ ಚಪಲ ನಮಗೂ ಹಿಡಿಸದು. ಅಜ್ಜಿಯ ಬಾಯಿಗೆ ಬಾರದ ಹೆಸರನ್ನು ಇಟ್ಟು ಮೊಮ್ಮಗಳನ್ನು ಅಜ್ಜಿಯಿಂದ ಅಷ್ಟು ದೂರ ಮಾಡಿದಂತಾಗುತ್ತದೆ. ಆದರೆ ಹೆಸರು ಕನ್ನಡದ್ದಾಗುವುದು ಬೇರಿನಿಂದಲ್ಲ, ಬಾಯಿಯಿಂದ. ಲಕ್ಷ್ಮಿ ಸಂಸ್ಕೃತದವಳು, ಹುಸೇನ ಅರಬ್ಬಿಯವನು. ಅಮ್ಮ ಎಂದು ಸೇರಿಸಿ ಲಕ್ಷ್ಮಮ್ಮ, ಹುಸೇನಮ್ಮ ಎಂದು ಕರೆದ ದಿನವೇ ಅವರು ನಮ್ಮವರಾದರು. ನಮ್ಮೂರಿನಲ್ಲಿ ಅವಧೂತೆಯೆಂದು ಪೂಜೆಗೊಳ್ಳುವ ಲಕ್ಷ್ಮಮ್ಮನವರನ್ನು ಎರಡೂ ಭಾಷೆಯವರು 'ಅವ್ವ' ಎಂದೇ ಕರೆಯುತ್ತಾರೆ. ಕನ್ನಡಿಗರಿಗೆ ಆ ಪದ ತಾಯಿ, ತೆಲುಗರಿಗೆ ಅಜ್ಜಿ. ಅರ್ಥ ಒಂದು ತಲೆಮಾರಿನಷ್ಟು ಬೇರೆಯಾದರೂ ಕೈ ಮುಗಿಯುವ ಸಾಲು ಒಂದೇ.

ಹಾಗೆ ನೋಡಿದರೆ ಮಾರ್ಗರೇಟಳಿಗೆ ಕನ್ನಡದ ಮುದ್ರೆ ಯಾವಾಗಲೋ ಬಿದ್ದಿದೆ. ಮಂಗಳೂರಿನಲ್ಲಿ ಹುಟ್ಟಿ, ಕೇಂದ್ರದಲ್ಲಿ ಸಚಿವರಾಗಿ, ಹಲವು ರಾಜ್ಯಗಳಿಗೆ ರಾಜ್ಯಪಾಲರಾದ ಮಾರ್ಗರೇಟ್ ಆಳ್ವ ಅವರ ಹೆಸರು ಕನ್ನಡ ಪತ್ರಿಕೆಗಳ ಓದುಗರಿಗೆ ಪರಕೀಯವೆಂದು ಎಂದೂ ಅನಿಸಿಲ್ಲ. ಹಳ್ಳಿಯ ಕಡೆ ಹೋದರೆ ಆಕೆ ಮಾರ್ಗರೇಟಮ್ಮ. ಬೆಳಗಾಗೆದ್ದು ಹತ್ತಿ ಬಿಡಿಸಲು ಹೊರಟ ಹೆಂಗಸರ ಗುಂಪಿನಲ್ಲಿ ಈರಮ್ಮ, ಹುಸೇನಮ್ಮ, ಮುತ್ಯಾಲಮ್ಮರ ನಡುವೆ ಅವಳನ್ನೂ ಕೂಗಿ ಕರೆಯುತ್ತಾರೆ: 'ಏ ಮಾರ್ಗರೇಟಮ್ಮಾ, ಬುತ್ತಿ ಕಟ್ಟಿಗೊಂಡಿ ಏನಬೇ, ಹೊತ್ತಾತು, ಬಾ.' ಒಳಗಿನಿಂದ ಓ ಎಂಬ ದನಿ ಬರುತ್ತದೆ.